ಕೊಗ್ಗು ಮಾವನಿಗೆ ಎಂತದೋ ಕಮ್ಮಿ

ಚೌಕಾಶಿ ಒಂದು ವಿದ್ಯೆ. ಅದನ್ನು ಕಲಿಸುವ ಶಾಲೆ ಎಲ್ಲಿಯೂ ಇಲ್ಲದ್ದರಿಂದ ನನ್ನಂಥವರು ಕೇಳಿದವರಿಗೂ ಕೇಳದವರಿಗೂ ಪುಕ್ಕಟೆ ಹೇಳಿಕೊಡಬೇಕಾಗುತ್ತದೆ. ಮೀನು ಕೊಳ್ಳುವುದಾದರೆ ಮೊದಲ ಗಿರಾಕಿಯಾಗಬೇಡಿ. ಬೋಣಿಯ ಹೊತ್ತಿನಲ್ಲಿ ಮೀನಿನವಳ ಬಾಯಿ ಬಹಳ ಗಟ್ಟಿ. ಬಿಸಿಲೇರಿ ಬುಟ್ಟಿಯ ತಳದ ಮಂಜುಗಡ್ಡೆ ಕರಗತೊಡಗಿದ ಮೇಲೆ ಹೋಗಿ, ಮೀನಿನ ಕಡೆ ನೋಡದೆ ಬಸ್ಸು ಬರುವ ದಾರಿಯ ಕಡೆ ನೋಡುತ್ತ ನಿಲ್ಲಿ. ಬಟ್ಟೆ ಅಂಗಡಿಯಲ್ಲಿ ಮನಸ್ಸಿಗೆ ಹಿಡಿದ ಸೀರೆಯನ್ನು ಮೊದಲು ಬದಿಗೆ ತಳ್ಳಿ, ಬೇಡದ ಸೀರೆಯ ಸೆರಗನ್ನು ಹತ್ತು ನಿಮಿಷ ಸವರಿ. ಎಲ್ಲ ಚೌಕಾಶಿಯ ಒಳಗುಟ್ಟು ಒಂದೇ: ಯಾರಿಗೆ ಅವಸರ ಇಲ್ಲವೋ ಅವನೇ ಗೆಲ್ಲುತ್ತಾನೆ. ಈ ಸೂತ್ರವನ್ನು ನಾನು ನೂರಾರು ಮಂದಿಗೆ ಉಪದೇಶ ಮಾಡಿದ್ದೇನೆ. ಆದರೂ ಸತ್ತವರ ಹತ್ತಿರ ಚೌಕಾಶಿಗೆ ಇಳಿದಾಗ ಅದು ನನಗೇ ನೆನಪಾಗಲಿಲ್ಲ. ಸತ್ತವರಿಗೆ ಎಂತ ಅವಸರ?

ನಾನು ಐತಪ್ಪ. ಕಾಸರಗೋಡಿನಿಂದ ವಿದ್ಯಾನಗರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹೋಟೆಲಿನ ಬಾರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೌಂಟರಿನ ಹಿಂದೆ ನಿಂತವನು. ಅದಕ್ಕೂ ಮೊದಲು ಅದೇ ಬಾರಿನಲ್ಲಿ ಗ್ಲಾಸು ತೊಳೆಯುತ್ತಿದ್ದೆ. ಸಂಜೆ ಸಿವಿಲ್ ಸ್ಟೇಷನ್ನಿನ ಗುಮಾಸ್ತರು ಬಂದು ಸಾಲಾಗಿ ಕೂತು, "ಐತಪ್ಪಣ್ಣ, ನನ್ನ ಫೈಲು ಇನ್ನೂ ನಿನ್ನ ಮೇಜಿನಲ್ಲೇ ಉಂಟಲ್ಲ" ಎಂದು ಖಾಲಿ ಗ್ಲಾಸು ತೋರಿಸುವಾಗ ಆಗುವ ಹೆಮ್ಮೆ ನಿಮಗೆ ತಿಳಿಯದು. ಜೀವಮಾನದಲ್ಲಿ ಒಮ್ಮೆಯಾದರೂ ಸರಕಾರವನ್ನು ಕಾಯಿಸುವ ಭಾಗ್ಯ ಎಷ್ಟು ಮಂದಿಗೆ ಉಂಟು? ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡಬೇಕು. ವಿಸ್ಕಿ ಅಳೆಯುವ ಸ್ಟೀಲಿನ ಅಳತೆಯನ್ನು ನಾನು ಹಿಡಿಯುವಾಗ ನನ್ನ ಹೆಬ್ಬೆರಳಿನ ತುದಿ ಸ್ವಲ್ಪ ಒಳಗೆ ಹೋಗುತ್ತದೆ. ಬೆರಳು ಹಿಡಿಸುವಷ್ಟು ಜಾಗದಲ್ಲಿ ವಿಸ್ಕಿ ಹಿಡಿಸುವುದಿಲ್ಲ. ಮೊದಮೊದಲು ಬೇಕೆಂದೇ ಹಾಕುತ್ತಿದ್ದೆ, ಆಮೇಲೆ ಅದು ತಾನಾಗಿ ಹೋಗತೊಡಗಿತು. ಮೊದಲಾಳಿ, ಅಂದರೆ ನಮ್ಮ ಬಾರಿನ ಧಣಿ, ನನ್ನನ್ನು ಮೆಚ್ಚಿಕೊಳ್ಳಲು ಇದೇ ಕಾರಣ ಎಂದು ನಮಗಿಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಂದು ಗುಟುಕು ಕುಡಿದವನಲ್ಲ, ಕುಡಿದದ್ದೆಲ್ಲ ನನ್ನ ಹೆಬ್ಬೆರಳು.

ಹೀಗಿರುವಾಗ ಮೊದಲಾಳಿ ಜೋಬಿಯನ್ನು ಕರೆತಂದರು. ಜೋಬಿ ಕೋಟ್ಟಯಂ ಕಡೆಯವನು, ಗೋವಾದಲ್ಲಿ ಕಲಿತವನು, ಮೂವತ್ತರ ಪ್ರಾಯ. ಬಾಟಲಿಯನ್ನು ಬೆನ್ನ ಹಿಂದಿನಿಂದ ಎಸೆದು ಎದುರಿನಿಂದ ಹಿಡಿಯುತ್ತಾನೆ. ಗ್ಲಾಸಿನಲ್ಲಿ ಹೊಗೆ ತುಂಬಿಸಿ ಮುಚ್ಚಳ ತೆಗೆಯುತ್ತಾನೆ. "ಚೇಟ್ಟಾ, ಕಾಕ್‌ಟೇಲ್ ಅಂದರೆ ಒಂದು ಕಥೆ" ಎನ್ನುತ್ತಾನೆ. ಚೇಟ್ಟ ಎಂದರೆ ಮಲಯಾಳದಲ್ಲಿ ಅಣ್ಣ. ನಮ್ಮ ಬಾರಿಗೆ ಬರುವವರು ಕಥೆ ಹೇಳಲು ಬರುವವರೇ ಹೊರತು ಕೇಳಲು ಬರುವವರಲ್ಲ ಎಂದು ನಾನು ಹೇಳಿದರೂ ಮೊದಲಾಳಿ ಕೇಳಲಿಲ್ಲ. ಬೇಕಲದ ಕಡೆ ಸಮುದ್ರದಂಡೆಯ ಒಂದು ರೆಸಾರ್ಟಿನಲ್ಲಿ ಜಿಲ್ಲೆಯ ಬಾರಿನವರಿಗೆಲ್ಲ ಸ್ಪರ್ಧೆ ಇತ್ತು. ವಿಸ್ಕಿಗೆ ಊರಿನ ರುಚಿ ಕೂಡಿಸಿ, ಯಾರೂ ಮಾಡದ ಒಂದು ಹೊಸ ಪಾನೀಯ ಮಾಡಬೇಕು. ಮೊದಲಾಳಿ ನಮ್ಮಿಬ್ಬರನ್ನೂ ಕರೆದು, "ಇಬ್ಬರೂ ಹೋಗಿ. ಯಾರು ಮೇಲೆ ಬರ್ತಾನೋ ಅವನಿಗೆ ಕೌಂಟರ್, ಇನ್ನೊಬ್ಬನಿಗೆ ಕೆಳಗಿನ ಗೋಡೌನು" ಎಂದರು. ಗೋಡೌನು ಎಂದರೆ ಕಿಟಕಿ ಇಲ್ಲದ ಒಂದು ಕೋಣೆ, ಖಾಲಿ ಬಾಟಲಿಗಳ ರಾಶಿ. ಅಲ್ಲಿಗೆ ಯಾವ ಗುಮಾಸ್ತನೂ ಬಂದು ಐತಪ್ಪಣ್ಣ ಎನ್ನುವುದಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹೊಸತು ಬೇಕೆಂದಾಗ ಹಳೆಯದರ ಧೂಳು ಒರೆಸಿ ಕೊಡುವುದು ವ್ಯಾಪಾರದ ಪದ್ಧತಿ. ನನಗೆ ಕೊಗ್ಗು ಮಾವನ ನೆನಪಾಯಿತು. ಕೊಗ್ಗು ಮಾವ ನನ್ನ ಅಮ್ಮನ ಅಣ್ಣ, ಮದುವೆಯಾಗದವರು. ಬದಿಯಡ್ಕ ಕಾಸರಗೋಡು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ನನ್ನನ್ನು ಗ್ಲಾಸು ತೊಳೆಯುವ ಕೆಲಸಕ್ಕೆ ಸೇರಿಸಿದವರೂ ಅವರೇ. ಸ್ಟಿಯರಿಂಗ್ ಹಿಡಿದಷ್ಟು ಕಾಲ ಒಂದು ಹನಿ ಮುಟ್ಟದೆ, ನಿವೃತ್ತರಾಗಿ ನನ್ನ ಮನೆಗೆ ಬಂದ ಮೇಲೆ ದಿನಕ್ಕೊಂದು ಗ್ಲಾಸು ಶುರು ಮಾಡಿದರು. ಅದೂ ಸರಿಯಾಗಿ ನಾಲ್ಕು ಗಂಟೆಗೆ, ಅವರ ಬಸ್ಸು ಬದಿಯಡ್ಕ ಮುಟ್ಟುತ್ತಿದ್ದ ಹೊತ್ತಿಗೆ. ಒಣಗಿದ ಪುನರ್ಪುಳಿ ಸಿಪ್ಪೆಯನ್ನು ನೆನೆಹಾಕಿ ಹಿಂಡಿದ ಕೆಂಪು ರಸ, ಒಂದು ಗಾಂಧಾರಿ ಮೆಣಸು ಜಜ್ಜಿದ್ದು, ಚಿಟಿಕೆ ಉಪ್ಪು, ಸ್ವಲ್ಪ ಓಲೆಬೆಲ್ಲ, ಅದರ ಮೇಲೆ ವಿಸ್ಕಿ. ಒಂದು ಗುಟುಕು ತೆಗೆದು ಬೆರಳ ಗೆಣ್ಣಿನಿಂದ ಮೇಜಿಗೆ ತಟ್ಟುತ್ತಿದ್ದರು. ಎರಡು ತಟ್ಟಿದರೆ ರೈಟ್, ಮುಂದೆ ಹೋಗಬಹುದು. ಒಂದು ತಟ್ಟಿದರೆ ಹೋಲ್ಡಾನ್, ಏನೋ ಸರಿಯಿಲ್ಲ. ಮೂವತ್ತು ವರ್ಷ ಕಂಡಕ್ಟರನ ಬೆಲ್ಲಿಗೆ ಬ್ರೇಕು ಒತ್ತಿದವರ ಭಾಷೆ ಅದು.

ಕೊನೆಯ ವರ್ಷ ಡಾಕ್ಟರು ಅವರಿಗೆ ವಿಸ್ಕಿ ಬೇಡವೇ ಬೇಡ ಎಂದರು. ಮಾವನಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಒಂದು ಉಪಾಯ ಮಾಡಿದೆ. ವಿಸ್ಕಿಯ ಬದಲು ಹಾಲಿಲ್ಲದ ಚಹಾ ಹೊಯ್ದು, ಗ್ಲಾಸಿನ ಬಾಯಿಗೆ ಮಾತ್ರ ನಾಲ್ಕು ಹನಿ ವಿಸ್ಕಿ ಸವರಿ ಕೊಡುತ್ತಿದ್ದೆ. ಮಾವ ಕುಡಿದು ಒಂದು ಸಲ ತಟ್ಟುತ್ತಿದ್ದರು. "ಎಂತದೋ ಕಮ್ಮಿ ಉಂಟು ಮಾರಾಯ." ನಾನು, "ನಾಲಗೆಗೆ ಪ್ರಾಯ ಆದದ್ದು ಮಾವ" ಎನ್ನುತ್ತಿದ್ದೆ. ಅವರು ನನ್ನ ಮುಖವನ್ನಲ್ಲ, ನನ್ನ ಹೆಬ್ಬೆರಳನ್ನು ನೋಡುತ್ತಿದ್ದರು. ಐದು ತಿಂಗಳು ಹೀಗೇ ನಡೆಯಿತು. ಒಂದು ದಿನ ನಾಲ್ಕು ಗಂಟೆಗೆ ಗ್ಲಾಸು ತೆಗೆದುಕೊಂಡು ಹೋದಾಗ ಮಾವ ಅದನ್ನು ಮುಟ್ಟಲಿಲ್ಲ. ಮಂಚದ ಪಟ್ಟಿಗೆ ಒಂದು ಸಲ ತಟ್ಟಿದರು, ಅಷ್ಟೇ. ಇಳಿದು ಹೋದರು. ತೀರಿಕೊಂಡು ಈಗ ಎರಡು ವರ್ಷ. ಡಾಕ್ಟರ ಮಾತು ಕೇಳಿದವನಿಗೆ ತಪ್ಪು ಹೊರಿಸುವವರಿಲ್ಲ. ಆದರೆ ಅವರ ಬಾಟಲಿ ತಿಂಗಳುಗಟ್ಟಲೆ ಹಾಗೇ ಉಳಿದದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿದ್ದದ್ದು ಡಾಕ್ಟರಿಗೆ ಗೊತ್ತಿಲ್ಲ.

ತಿಂಗಳ ಒಂದನೇ ತಾರೀಕು ನಮ್ಮ ರಾಜ್ಯದಲ್ಲಿ ಬಾರಿಗೆ ರಜೆ. ಆ ದಿನ ಮನೆಯಲ್ಲಿ ಕೂತು ಮಾವನ ಪಾನೀಯವನ್ನು ಮಾಡಿದೆ. ಮನೆ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ನಾನೇ ದುಡಿದು ಕಟ್ಟಿಸಿದ ತಾರಸಿ ಮನೆ. ಮಾವ ಇದ್ದ ಕೋಣೆಯಲ್ಲೇ ಈಗ ನನ್ನ ಮೇಜು. ಪುನರ್ಪುಳಿಯ ರಸವನ್ನು ಒಂಬತ್ತು ದಿನ ಓಲೆಬೆಲ್ಲದಲ್ಲಿ ಕೂರಿಸಿ ಹದಗೊಳಿಸಿದ್ದೆ, ಬಣ್ಣ ಮಾಣಿಕ್ಯದ ಹಾಗೆ ಬಂದಿತ್ತು. ಮೆಣಸು ಜಜ್ಜಿದೆ, ಉಪ್ಪು ಹಾಕಿದೆ, ವಿಸ್ಕಿ ಅಳೆದೆ, ಸುತ್ತು ತಿರುಗಿಸಿ ಗ್ಲಾಸು ಮೇಜಿನ ಮೇಲಿಟ್ಟೆ. ಟಕ್ ಎಂದು ಒಂದು ಸದ್ದಾಯಿತು. ನಾನು ಇಟ್ಟ ಸದ್ದಲ್ಲ, ಇಟ್ಟ ಮೇಲಿನ ಸದ್ದು. ಹಲ್ಲಿ ಎಂದುಕೊಂಡೆ. ಗೋಡೆ ನೋಡಿದೆ, ಹಲ್ಲಿ ಇರಲಿಲ್ಲ. ಗಡಿಯಾರ ನೋಡಿದೆ, ನಾಲ್ಕು ಗಂಟೆ ಇತ್ತು. ಹೊರಗೆ ಒಳ್ಳೆಯ ಬಿಸಿಲು, ಪಕ್ಕದ ಮನೆಯಲ್ಲಿ ಯಾರೋ ತೆಂಗಿನಕಾಯಿ ಸುಲಿಯುತ್ತಿದ್ದರು. ಬಿಸಿಲಿನಲ್ಲಿ ಹೆದರುವುದಕ್ಕೆ ನನಗೆ ಅಭ್ಯಾಸ ಇಲ್ಲದ್ದರಿಂದ ಹೇಗೆ ಹೆದರಬೇಕೆಂದೇ ತಿಳಿಯಲಿಲ್ಲ. ಗ್ಲಾಸನ್ನು ಹಿಡಿದು ಅಡುಗೆಮನೆಗೆ ಹೋದೆ.

ನನ್ನ ಹೆಂಡತಿ ವಾರಿಜ ಬಂಗುಡೆ ಕೊಯ್ಯುತ್ತಿದ್ದಳು. ಸಂಗತಿ ಹೇಳಿದೆ. ಅವಳು ಕತ್ತಿ ಕೆಳಗಿಡದೆ, "ಅವರದ್ದೇ ಪಾಕ, ಅವರದ್ದೇ ಕೋಣೆ. ಅವರನ್ನು ಒಂದು ಮಾತು ಕೇಳಿದ್ದೀರಾ?" ಎಂದಳು.

"ಸತ್ತವರನ್ನು ಎಂತ ಕೇಳುವುದು?"

"ಕೇಳುವುದಲ್ಲ, ಬಡಿಸುವುದು. ಹೋದ ಆಟಿಯಲ್ಲಿ ಎಲ್ಲರ ಮನೆಯಲ್ಲಿ ಬಡಿಸಿದರು, ನೀವು ಡ್ಯೂಟಿ ಉಂಟು ಅಂತ ಹೋದಿರಿ. ಅದರ ಹಿಂದಿನ ಸಲ ಅವರ ಎಲೆಗೆ ಎಂತ ಇಟ್ಟಿರಿ? ನಾನು ನೋಡಿದ್ದೇನೆ ಮಾರಾಯ್ರೆ. ಚಾ."

"ಆಮೇಲೆ ಕುಡಿಯುವವರಿಲ್ಲದ ವಿಸ್ಕಿ ಯಾಕೆ ಅಂತ..."

"ಹಾಂ. ಈಗ ಅವರು ತಟ್ಟುವುದು ಯಾಕೆ ಅಂತ ನನ್ನನ್ನು ಕೇಳಿ."

ಆಟಿ ಎಂಬ ಮಳೆಗಾಲದ ತಿಂಗಳಲ್ಲಿ ಸತ್ತವರಿಗೆ ಬಡಿಸುವುದು ನಮ್ಮ ಕಡೆ ಹೊಸತಲ್ಲ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ಕುಡಿಯುವವರಾದರೆ ಕುಡಿಯುವುದನ್ನೂ ಪಕ್ಕದಲ್ಲಿಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯಬೇಕು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ, ಕೆಮ್ಮಿ, ಆಮೇಲೆ ತೆರೆಯಬೇಕು. ಉಣ್ಣುತ್ತಿರುವವರ ಮೇಲೆ ಸಟ್ಟನೆ ನುಗ್ಗಬಾರದು ನೋಡಿ, ಜೀವ ಇಲ್ಲದಿದ್ದರೂ ಮರ್ಯಾದೆ ಉಂಟು. ಬಡಿಸಿದ್ದನ್ನು ಮನೆಯವರು ಅಲ್ಲಿಯೇ ಉಂಡು ಮುಗಿಸಬೇಕು. ಹೊಸ್ತಿಲು ದಾಟಿಸಬಾರದು, ದಾಟಿಸಿದರೆ ಉಂಡವರೂ ಹಿಂದೆಯೇ ಹೊರಡುತ್ತಾರೆ ಎಂಬುದು ಹಿರಿಯರ ಮಾತು.

ಸ್ಪರ್ಧೆಗೆ ಎರಡು ದಿನ ಇರುವಾಗ ಒಂದು ಮಧ್ಯಾಹ್ನ ರಜೆ ಹಾಕಿ ಬಡಿಸಿದೆ. ಕೋಳಿ, ಬಂಗುಡೆ, ಒಂದು ಕಟ್ಟು ಬೀಡಿ, ಜೊತೆಗೆ ನನ್ನ ಹೊಸ ಪಾನೀಯ. ಅಳತೆ ಕೈಗೆ ಬಂದಾಗ ಹೆಬ್ಬೆರಳು ಒಳಗೆ ಹೋಯಿತು. ಹೋದದ್ದು ಗೊತ್ತಾಯಿತು. ತೆಗೆಯಬಹುದಿತ್ತು. ತೆಗೆಯದೆ, ಕಮ್ಮಿಯಾದದ್ದಕ್ಕೆ ಸ್ವಲ್ಪ ಚಹಾ ಸೇರಿಸಿ ಬಣ್ಣ ಸರಿಮಾಡಿದೆ. ಇಷ್ಟೂ ಸಾಲದೆ, ಬಾಗಿಲು ಮುಚ್ಚುವ ಮೊದಲು ಎಲೆಯ ಎದುರು ಕೈಮುಗಿದು ಹೀಗೆ ಹೇಳಿದೆ: "ಮಾವ, ಸದ್ಯಕ್ಕೆ ಇಷ್ಟು. ಕೌಂಟರ್ ನನ್ನ ಕೈಯಲ್ಲಿ ಉಳಿದರೆ ಬರುವ ಆಟಿಗೆ ಒಂದು ಇಡೀ ಬಾಟಲಿ. ಇಡೀ ಅಂದರೆ ಸೀಲು ಒಡೆಯದ್ದು. ಉಳಿಯದಿದ್ದರೆ ನನ್ನನ್ನು ಕೇಳಬೇಡಿ." ಮೀನಿನವಳ ಎದುರು ಕೂಡ ನಾನು ಇಷ್ಟು ನಾಚಿಕೆಗೆಟ್ಟು ಮಾತಾಡಿದವನಲ್ಲ. ಹೊರಗೆ ಬಂದು ಬಾಗಿಲೆಳೆದು ವಾರಿಜಳ ಪಕ್ಕದಲ್ಲಿ ನಿಂತೆ. ತಟ್ಟಲು ಕೈ ಎತ್ತಿದೆ. ಎತ್ತಿದ್ದೇ, ಬಾಗಿಲ ಆ ಕಡೆಯಿಂದ ಒಂದು ಸಲ ಟಕ್ ಎಂದಿತು.

ವಾರಿಜ ನನ್ನನ್ನು ನೋಡಿದಳು. ನಾನು ಬಾಗಿಲನ್ನು ನೋಡಿದೆ. ಕೆಮ್ಮಬೇಕಿತ್ತು, ಕೆಮ್ಮು ಬರಲಿಲ್ಲ. ತೆರೆದಾಗ ಒಳಗೆ ಯಾರೂ ಇರಲಿಲ್ಲ, ಕಿಟಕಿಗೆ ಚಿಲಕ ಹಾಕಿತ್ತು. ಎಲೆಯಲ್ಲಿ ಎಲ್ಲ ಇಟ್ಟ ಹಾಗೆಯೇ ಇತ್ತು. ಗ್ಲಾಸು ಮಾತ್ರ ಎಲೆಯ ಬದಿಯಲ್ಲಿರಲಿಲ್ಲ. ಮೇಜಿನ ನನ್ನ ಬದಿಗೆ, ನಾನು ಕೂರುವ ಕುರ್ಚಿಯ ಎದುರಿಗೆ ಬಂದಿತ್ತು. "ನಿಮಗೇ ವಾಪಸು ಕೊಟ್ಟರು" ಎಂದಳು ವಾರಿಜ, ಪೋಸ್ಟಿನಲ್ಲಿ ತಿರುಗಿ ಬಂದ ಕಾಗದದ ಬಗ್ಗೆ ಹೇಳಿದಂತೆ.

ಇನ್ನು ಮುಂದಿನದ್ದು ನನ್ನ ಕಸುಬಿನವರು ಮಾತ್ರ ಮಾಡುವ ತಪ್ಪು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಲ್ಲಿಯೇ ಕುಡಿದು ಮುಗಿಸುತ್ತಿದ್ದರು. ನಾನು ಬಾರಿನವನು, ಮುಟ್ಟದ ಗ್ಲಾಸು ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂಬತ್ತು ದಿನ ಕೂರಿಸಿದ ರಸ ಒಂದೇ ಬಾಟಲಿ ಇದ್ದದ್ದು, ಸ್ಪರ್ಧೆಗೆ ಅಷ್ಟೂ ಬೇಕಿತ್ತು. ಗ್ಲಾಸಿನಲ್ಲಿದ್ದದ್ದನ್ನು ಆ ಬಾಟಲಿಗೇ ಹಿಂದಕ್ಕೆ ಹೊಯ್ದು ಬಿರಡೆ ಒತ್ತಿದೆ. ಎರಡು ದಿನ ಕಳೆದು ಅದನ್ನು ಚೀಲಕ್ಕೆ ಹಾಕಿ ಹೊರಡುವಾಗ ವಾರಿಜ ಬಾಗಿಲಲ್ಲಿ ಅಡ್ಡ ನಿಂತಳು.

"ಬಡಿಸಿದ್ದಲ್ವಾ ಅದು?"

"ಬಡಿಸಿದ್ದು ಗ್ಲಾಸಿನಲ್ಲಿ. ಇದು ಬಾಟಲಿ."

"ನೀವು ಹೇಳಿದರೆ ನಾನು ಕೇಳಬಹುದು. ಅವರು ಕೇಳಬೇಕಲ್ಲ" ಎಂದು ದಾರಿ ಬಿಟ್ಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟಿನಲ್ಲಿ ಚೀಲ ಇಟ್ಟು ನಾನು ಈಚೆ ಕೂತೆ. ಹಳೆಯ ದಾರಿ, ಮಾವ ಮೂವತ್ತು ವರ್ಷ ಬಸ್ಸು ಬಿಟ್ಟ ದಾರಿ. ಪೇಟೆಯಲ್ಲಿ ಜನ ಹತ್ತಿ ಬಸ್ಸು ಕಿಕ್ಕಿರಿದರೂ ಚೀಲ ತೆಗೆಯಿರಿ ಎಂದು ಒಬ್ಬರೂ ಕೇಳಲಿಲ್ಲ. ದಪ್ಪದ ಒಬ್ಬ ಹೆಂಗಸು ಬಂದು ಕೂರಲು ನೋಡಿ, "ಓ, ಕೂತಿದ್ದಾರೆ" ಎಂದು ಮುಂದೆ ಹೋದಳು. ನನ್ನನ್ನು ಕುರಿತೇ ಹೇಳಿದ್ದಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಕಂಡಕ್ಟರ್ ಬಂದ.

"ಎರಡಾ?"

"ಒಂದೇ."

"ಅಜ್ಜನದ್ದು?"

"ಯಾವ ಅಜ್ಜ?"

ಅವನು ಕಿಟಕಿಯ ಕಡೆ ಬಗ್ಗಿ ನೋಡಿದ. ಚೀಲ ನೋಡಿದ. ನನ್ನನ್ನು ನೋಡಿದ. "ಇಲ್ಲಿ ಇದ್ದರಲ್ಲ, ಈಗ" ಎಂದು ತಲೆ ಕೆರೆದುಕೊಂಡು ಒಂದೇ ಟಿಕೆಟು ಹರಿದು ಕೊಟ್ಟ. ಎರಡು ಟಿಕೆಟು ಕೊಳ್ಳದೆ ತಪ್ಪಿಸಿಕೊಂಡೆನಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಒಂದು ಸಣ್ಣ ಸಮಾಧಾನವಾದದ್ದು ಸುಳ್ಳಲ್ಲ. ಮುಂದಿನ ಸ್ಟಾಪಿನವರೆಗೂ ಮೈಯ ಎಡಗಡೆ ಮಾತ್ರ ತಣ್ಣಗಿತ್ತು, ಚೀಲ ಇದ್ದ ಕಡೆ. ಮಂಜುಗಡ್ಡೆ ಹಾಕಿದ್ದೆನೇ ಎಂದು ಚೀಲ ಬಿಚ್ಚಿ ನೋಡಿದೆ. ಹಾಕಿರಲಿಲ್ಲ.

ರೆಸಾರ್ಟಿನ ಹಾಲಿನಲ್ಲಿ ಹನ್ನೆರಡು ಮಂದಿ ಸ್ಪರ್ಧಿಗಳು. ಜೋಬಿಯ ಸರದಿ ನನಗಿಂತ ಮೊದಲು. ಬಾಟಲಿ ಎಸೆದ, ಹಿಡಿದ, ಹೊಗೆ ಬಿಟ್ಟ, ಕಥೆ ಹೇಳಿದ, ಚಪ್ಪಾಳೆ ಬಿತ್ತು. ಎದುರು ಸಾಲಿನಲ್ಲಿ ಕೂತ ನಮ್ಮ ಮೊದಲಾಳಿ ನನ್ನ ಕಡೆ ತಿರುಗಿ ಪಾಪ ಎನ್ನುವ ಹಾಗೆ ನಕ್ಕರು. ಗೋಡೌನಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಹೆಸರು ಕರೆದಾಗ ಹಾಲಿನ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ತೀರ್ಪುಗಾರರು ಮೂವರು. ನಡುವೆ ಕೂತವರು ನೂಲಿನ ಸೀರೆಯ, ಐವತ್ತು ದಾಟಿದ ಒಬ್ಬ ಹೆಂಗಸು, ತೆಂಕಣ ಕಡೆ ಎಲ್ಲೋ ಹೋಟೆಲ್ ಕಾಲೇಜಿನಲ್ಲಿ ಕಲಿಸುವವರಂತೆ. ಕನ್ನಡವಾಗಲಿ ತುಳುವಾಗಲಿ ಅವರಿಗೆ ಒಂದಕ್ಷರ ಬಾರದು ಎಂದು ಪರಿಚಯದಲ್ಲೇ ಹೇಳಿದ್ದರು. ನಾನು ಮೆಣಸು ಜಜ್ಜಿದೆ. ಉಪ್ಪು, ರಸ. ಅವರೇ ಕೊಟ್ಟ ವಿಸ್ಕಿಯನ್ನು ಅಳೆದೆ, ಹೆಬ್ಬೆರಳು ತನ್ನ ಜಾಗಕ್ಕೆ ಹೋಯಿತು. ಪುಕ್ಕಟೆ ಸಿಕ್ಕಿದ ವಿಸ್ಕಿಯಲ್ಲೂ ಕಮ್ಮಿ ಹೊಯ್ಯುವ ಮನುಷ್ಯನಿಗೆ ಏನು ಹೇಳುವುದು? ಮೂರು ಗ್ಲಾಸು ಮುಂದಿಟ್ಟೆ. ಮೂವರೂ ಎತ್ತಿದರು, ಒಂದು ಗುಟುಕು ತೆಗೆದುಕೊಂಡರು, ಒಟ್ಟಿಗೇ ಕೆಳಗಿಟ್ಟರು. ಮೂರು ಗ್ಲಾಸು, ಒಂದೇ ಸದ್ದು. ಟಕ್.

ನಡುವಿನ ಹೆಂಗಸು ನನ್ನ ಮುಖವನ್ನು ನೋಡಲಿಲ್ಲ. ಅಳತೆಯನ್ನು ಹಿಡಿದ ನನ್ನ ಹೆಬ್ಬೆರಳನ್ನು ನೋಡುತ್ತ, ನಿಧಾನಕ್ಕೆ, ಸ್ವಲ್ಪ ದಪ್ಪ ಸ್ವರದಲ್ಲಿ, "ಎಂತದೋ ಕಮ್ಮಿ ಉಂಟು ಮಾರಾಯ" ಎಂದರು.

ಬೆನ್ನಿನ ಮೇಲೆ ಒಂದು ಹನಿ ಬೆವರು ಮೇಲಿನಿಂದ ಕೆಳಗಿನವರೆಗೆ ಎಲ್ಲ ಸ್ಟಾಪಿನಲ್ಲೂ ನಿಂತು ನಿಂತು ಇಳಿಯಿತು. ಪಕ್ಕದ ತೀರ್ಪುಗಾರ ಅವರನ್ನು ಮಲಯಾಳದಲ್ಲಿ, "ಏನಂದಿರಿ ಟೀಚರ್?" ಎಂದು ಕೇಳಿದ. ಅವರು, "ನಾನಾ? ನಾನು ಏನೂ ಹೇಳಲಿಲ್ಲವಲ್ಲ" ಎಂದರು. ಉಪದೇಶ ಮಾಡುವವನಿಗೆ ಒಂದು ಗುಣ ಬೇಕು, ಬಾಯಿ ಮುಚ್ಚಬೇಕಾದ ಹೊತ್ತು ತಿಳಿದಿರಬೇಕು. ನಾನು ಮೂರೂ ಗ್ಲಾಸುಗಳನ್ನು ಹಿಂದಕ್ಕೆ ತೆಗೆದುಕೊಂಡೆ. ಹೆಬ್ಬೆರಳನ್ನು ಹೊರಗೆ ತೆಗೆದು, ಅಂಗಿಗೆ ಒರೆಸಿ, ಅಳತೆಯನ್ನು ಅಂಚಿನಲ್ಲಿ ಹಿಡಿದು, ಚೆಲ್ಲುವಷ್ಟು ತುಂಬಿಸಿ ಮೂರಕ್ಕೂ ಹೊಸದಾಗಿ ಹೊಯ್ದೆ. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಪೂರ್ತಿ ಅಳತೆ ಎಷ್ಟಿರುತ್ತದೆಂದು ಅವತ್ತೇ ಕಂಡದ್ದು. ಮನಸ್ಸಿನಲ್ಲಿ, "ತಗೊಳ್ಳಿ ಮಾವ, ಇದು ಚಾ ಅಲ್ಲ" ಎಂದೆ. ಹೆಂಗಸು ಗುಟುಕು ತೆಗೆದುಕೊಂಡರು. ಕಣ್ಣು ಮುಚ್ಚಿದರು. ಅವರ ಬಲಗೈಯ ಬೆರಳ ಗೆಣ್ಣು ಮೇಜಿಗೆ ಎರಡು ಸಲ ತಟ್ಟಿತು. ಆಮೇಲೆ ಆ ಗೆಣ್ಣನ್ನೇ ಅವರು ಎಡಗೈಯಿಂದ ಉಜ್ಜುತ್ತ, ಯಾರದ್ದೋ ಬೆರಳನ್ನು ನೋಡುವ ಹಾಗೆ ನೋಡಿಕೊಂಡರು.

ಮೊದಲ ಬಹುಮಾನ ಕಾಞಂಗಾಡಿನ ಒಬ್ಬರಿಗೆ ಹೋಯಿತು, ಎರಡನೆಯದು ನನಗೆ. ಜೋಬಿಗೆ ಹೊಗೆ ಮಾತ್ರ ಉಳಿಯಿತು. ಮೊದಲಾಳಿ ಬೆನ್ನು ತಟ್ಟಿ, "ಕೌಂಟರ್ ನಿನ್ನದೇ" ಎಂದರು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮನೆಗೆ ಬಂದು ಒಂದು ಪೂರ್ತಿ ಅಳತೆ ಹೊಯ್ದು ಮಾವನ ಕೋಣೆಯಲ್ಲಿಟ್ಟೆ. ಒಂದೂ ತಟ್ಟಲಿಲ್ಲ, ಎರಡೂ ತಟ್ಟಲಿಲ್ಲ. ಕೋಣೆ ಬರೀ ಕೋಣೆಯಾಗಿತ್ತು. ವಾರಿಜ ಬಾಗಿಲಲ್ಲಿ ನಿಂತು, "ಇಲ್ಲಿ ಎಲ್ಲಿಂದ ಇರುತ್ತಾರೆ? ನೀವೇ ಹೊಸ್ತಿಲು ದಾಟಿಸಿದ್ದಲ್ವಾ? ಚೀಲ ಎಲ್ಲಿ ಬಿಟ್ಟು ಬಂದಿರಿ?" ಎಂದಳು. ಬರುವ ದಾರಿಯಲ್ಲಿ ಬಾರಿಗೆ ಹೊಕ್ಕವನು ಚೀಲವನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಮರುದಿನ ನಾಲ್ಕು ಗಂಟೆಗೆ ಒಬ್ಬ ಗುಮಾಸ್ತರಿಗೆ ವಿಸ್ಕಿ ಅಳೆಯುವಾಗ ಕೌಂಟರಿನ ಆ ತುದಿಯಿಂದ, ಕಿಟಕಿಯ ಪಕ್ಕದ ಖಾಲಿ ಸ್ಟೂಲಿನ ಕಡೆಯಿಂದ, ಟಕ್ ಎಂದಿತು. ಹೆಬ್ಬೆರಳನ್ನು ಹೊರಗೆ ತೆಗೆದೆ. ಟಕ್ ಟಕ್. ಆ ದಿನದಿಂದ ಹೀಗೇ. ಮೊದಲು ನಾಲ್ಕು ಗಂಟೆಗೆ ಮಾತ್ರ ಇತ್ತು, ಈಗ ಹೊತ್ತು ಗೊತ್ತು ಇಲ್ಲ. ಗುಮಾಸ್ತರೆಲ್ಲ ಐತಪ್ಪಣ್ಣನ ಕೈ ಈಗ ಧಾರಾಳವಾಯಿತು, ಬಹುಮಾನ ಬಂದ ಮೇಲೆ ಮನುಷ್ಯ ದೊಡ್ಡವನಾದ ಎಂದು ಹೇಳಿಕೊಂಡು ತಿರುಗುತ್ತಾರೆ. ಕೆಳಗೆ ಗೋಡೌನಿನಲ್ಲಿ ಬಾಟಲಿ ಎಣಿಸುವ ಜೋಬಿ ಮೊನ್ನೆ ಮೆಟ್ಟಿಲು ಹತ್ತಿ ಬಂದು, "ಚೇಟ್ಟಾ, ಬಾಟಲಿಗಳು ಬೇಗ ಬೇಗ ಕೆಳಗೆ ಬರ್ತಾ ಉಂಟಲ್ಲ, ಮೊದಲಾಳಿ ಕೇಳ್ತಾ ಇದ್ದಾರೆ" ಎಂದ. ಅವನ ಕಣ್ಣು ಕೌಂಟರಿನ ಮೇಲೆಯೇ ಇತ್ತು. ನನ್ನನ್ನು ಮೊದಲಾಳಿ ಮೆಚ್ಚಿಕೊಂಡದ್ದು ಯಾವುದಕ್ಕೋ, ಅದನ್ನೇ ನಾನು ಕಳೆದುಕೊಂಡಿದ್ದೇನೆ. ಕೌಂಟರ್ ಉಳಿಸಲು ಮಾವನನ್ನು ಕರೆತಂದೆ. ಈಗ ಮಾವ ಇರುವ ತನಕ ಕೌಂಟರ್ ಉಳಿಯುವುದು ಸಂಶಯ.

ನಿನ್ನೆ ಬಾರು ತೆರೆಯುವ ಮೊದಲು ಆ ಸ್ಟೂಲಿನ ಎದುರು ನಿಂತು ಒಂದು ಕೊನೆಯ ಮಾತು ಆಡಿ ನೋಡಿದೆ. "ಮಾವ, ನಡುವೆ ಒಂದು ಮಾತಿಗೆ ಬರುವ. ಸಂಜೆ ಆರರ ತನಕ ಪೂರ್ತಿ ಅಳತೆ. ಆರರ ಮೇಲೆ ಅರ್ಧ ಬೆರಳು. ಅರ್ಧವೂ ಬೇಡ, ಉಗುರು ಮಾತ್ರ." ಅವರಿಗೆ ಅವಸರ ಎಲ್ಲಿ? ಕೌಂಟರ್ ಒರೆಸಿದೆ, ಗ್ಲಾಸು ಜೋಡಿಸಿದೆ, ಒಪ್ಪಿದರೋ ಏನೋ ಎಂದು ಅಳತೆಯನ್ನು ಕೈಗೆತ್ತಿಕೊಂಡೆ. ಟಕ್.

ಹಾಗಾಗಿ ಓದುಗರಿಗೆ ನನ್ನ ಸಲಹೆ ಏನೆಂದರೆ, ನೀವು ಕುಡಿಯುವವರಾಗಿದ್ದು ನಮ್ಮ ದಾರಿಯಲ್ಲಿ ಬಂದರೆ ತಡಮಾಡದೆ ನಮ್ಮ ಬಾರಿಗೆ ಬನ್ನಿ. ಜಿಲ್ಲೆಯಲ್ಲಿ ಇಷ್ಟು ಸರಿಯಾದ ಅಳತೆ ಬೇರೆಲ್ಲೂ ಸಿಕ್ಕದು, ಎಷ್ಟು ದಿನ ಸಿಕ್ಕುತ್ತದೆಂದು ಹೇಳಲಾರೆ. ಚೌಕಾಶಿ ಮಾಡುವ ಅಗತ್ಯ ಇಲ್ಲ. ಎಲ್ಲಿ ಬೇಕಾದರೂ ಕೂರಿ, ಕಿಟಕಿಯ ಪಕ್ಕದ ಸ್ಟೂಲು ಒಂದನ್ನು ಬಿಟ್ಟು. ಖಾಲಿ ಇದ್ದ ಹಾಗೆ ಕಾಣುತ್ತದೆ, ಆದರೂ ಕೂರಬೇಡಿ. ಇಬ್ಬರು ಈಗಾಗಲೇ ಕೂರಲು ಹೋಗಿ, "ಕ್ಷಮಿಸಿ, ನೋಡಲಿಲ್ಲ" ಎಂದು ಎದ್ದು ಬಂದಿದ್ದಾರೆ.